ಇಂಗಲೀಕದಲ್ಲಿ ಬರೆದ ಹೆಸರು

೧೯೭೩ ಆಗಸ್ಟ್ ೫, ಭಾನುವಾರ. ಕೆಂಡಲ್ ಪಾರ್ಕ್

ಬೆಳಿಗ್ಗೆ ಹುಲ್ಲು ಕತ್ತರಿಸಿದೆ. ಐವತ್ತಾರು ವರ್ಷದ ಯಾವ ಅಯ್ಯಂಗಾರಿಯೂ ಮೈಸೂರಿನಲ್ಲಿ ಭಾನುವಾರ ಈ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಕತ್ತರಿಸದಿದ್ದರೆ ಪಕ್ಕದ ಮನೆಯವನು ನೋಡುವ ನೋಟವೇ ಬೇರೆ.

ಮಧ್ಯಾಹ್ನ ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡಿ ಮಿಸ್ಟರ್ ಪು ಅವರನ್ನು ನೋಡಿ ಬಂದೆ. ಹೃದಯ ಸೋತಿದೆ, ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ. ಅವರ ಬಾಡಿಗೆ ಕೋಣೆ ಇರುವುದೇ ಮೂರನೇ ಮಹಡಿಯಲ್ಲಿ. ಹಾಗಾದರೆ ಕೆಳಗೇ ಇಳಿಯುವುದಿಲ್ಲ, ಹತ್ತುವ ಪ್ರಶ್ನೆ ಎಲ್ಲಿ ಬಂತು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಮನುಷ್ಯನ ವಿಷಯ ಈ ಪುಸ್ತಕದಲ್ಲಿ ಎಲ್ಲೂ ಸರಿಯಾಗಿ ಬರೆದಿಲ್ಲ. ಪೂರ್ತಿ ಹೆಸರು ಪುಶಾನ್. ಚೀನಾವನ್ನು ಆಳಿದ ಮಂಚು ಚಕ್ರವರ್ತಿಗಳ ವಂಶ. ಒಂಬತ್ತು ವರ್ಷಕ್ಕೆ ಅಪ್ಪ ತೀರಿಕೊಂಡು ರಾಜಕುಮಾರನ ಪಟ್ಟ ಬಂತು, ಹದಿಮೂರಕ್ಕೆ ರಾಜ್ಯವೇ ಹೋಯಿತು. ಪೀಕಿಂಗಿನ ಅರಮನೆಯನ್ನು ಅಂಗಳ ಅಂಗಳವಾಗಿ ಮಾರಿಕೊಂಡು ತಿಂದರು. ೧೯೪೯ರಲ್ಲಿ ಹಾಂಗ್‌ಕಾಂಗಿಗೆ ಓಡಿಬಂದರು, ಹೆಂಡತಿ ಅಲ್ಲೇ ತೀರಿಕೊಂಡಳು. ಐವತ್ತನಾಲ್ಕರಲ್ಲಿ ಇಲ್ಲಿಗೆ. ಯೂನಿವರ್ಸಿಟಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಚೀನೀ ಪುಸ್ತಕಗಳಿಗೆ ಕಾರ್ಡು ಬರೆಯುವ ಕೆಲಸ. ಐವತ್ತೆಂಟರಲ್ಲಿ ನಾನು ಸಂಸ್ಕೃತದ ಹಸ್ತಪ್ರತಿಗಳ ಕಾರ್ಡು ಬರೆಯಲು ಬಂದಾಗ ನನ್ನ ಎದುರಿನ ಮೇಜು ಅವರದು.

ಸ್ನೇಹವಾದದ್ದು ಕೆಫೆಟೀರಿಯಾದಲ್ಲಿ. ಹಾಟ್ ಡಾಗ್ ಕೊಡುತ್ತಿದ್ದರು. ನಾನು ಮಾಂಸವೆಂದು ದೂರ ಸರಿದೆ. ಅವರು ನಾಯಿಯೆಂದು ದೂರ ಸರಿದರು. ನಾಯಿ ತಿನ್ನುವುದು ಮಂಚುಗಳಲ್ಲಿ ಮಹಾಪಾಪವಂತೆ. ಇಬ್ಬರೂ ಬ್ರೆಡ್ಡು ಹಿಡಿದುಕೊಂಡು ಒಂದೇ ಮೇಜಿಗೆ ಬಂದೆವು. ಇನ್ನೊಂದು ಕಷ್ಟವೂ ನಮಗೆ ಒಂದೇ. ಅವರಲ್ಲಿ ವಂಶದ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ನಮ್ಮಲ್ಲಿ ವಂಶಕ್ಕೆ ಹೆಸರೇ ಇಲ್ಲ. ಲಾಸ್ಟ್ ನೇಮ್ ಎಂಬ ಖಾನೆಯ ಮುಂದೆ ಇಬ್ಬರೂ ಎಷ್ಟು ಫಾರಂಗಳಲ್ಲಿ ಪೆನ್ನು ಕಚ್ಚಿದ್ದೇವೋ!

ಆಗಸ್ಟ್ ೧೧

ಮಿಸ್ಟರ್ ಪು ಇವತ್ತು ಟ್ರಂಕಿನಿಂದ ಹಳದಿ ರೇಷ್ಮೆ ಸುತ್ತಿದ ಒಂದು ಕಟ್ಟನ್ನು ತೆಗೆಸಿದರು. ಅವರ ಮನೆತನದ ವಂಶಾವಳಿ. ಹದಿನೈದು ವರ್ಷದಲ್ಲಿ ನನಗೆ ಒಮ್ಮೆಯೂ ತೋರಿಸಿರಲಿಲ್ಲ.

ಬದುಕಿರುವವರ ಹೆಸರು ಕೆಂಪು, ತೀರಿಕೊಂಡವರದು ಕಪ್ಪು. ಕೆಂಪಿಗೆ ಇಂಗಲೀಕದ ಕಡ್ಡಿಯನ್ನೇ ತೇಯಬೇಕು, ಕಪ್ಪಿಗೆ ಮಸಿಯ ಕಡ್ಡಿ. ಯಾರಾದರೂ ಹೋದರೆ ಅವರ ಕೆಂಪು ಹೆಸರಿನ ಮೇಲೆ ಮನೆಯವರು ಕಪ್ಪನ್ನು ತಿದ್ದುತ್ತಾರೆ. ಹತ್ತು ವರ್ಷಕ್ಕೊಮ್ಮೆ ಇಡೀ ಪುಸ್ತಕವನ್ನು ಹೊಸದಾಗಿ ಪ್ರತಿ ಮಾಡಬೇಕು. ಹಿಂದಿನದು ಅರವತ್ಮೂರರದು. ಈ ವರ್ಷ ಮತ್ತೆ ಸರದಿ, ಕೈ ಮಾತ್ರ ನಡುಗುತ್ತದೆ. ಅಕ್ಷರ ಹೇಗೋ ಬರೆದೇನು, ಗೆರೆ ನೀವು ಎಳೆದುಕೊಡಿ ಎಂದರು. ಮೈಸೂರಿನಲ್ಲಿ ಹತ್ತು ವರ್ಷ ಓಲೆಗರಿ ಪ್ರತಿ ಮಾಡಿದ ಕೈ ನನ್ನದು. ಒಪ್ಪಿಕೊಂಡೆ.

ಮನೆಯಿಂದ ಅಲಮೇಲು ಪುಳಿಯೋಗರೆ ಕಳಿಸಿದ್ದಳು. ಊಟದ ಜೋಡಿ ಕಡ್ಡಿಯಲ್ಲಿ ಒಂದೊಂದೇ ಕಡಲೆಬೀಜ ಆರಿಸಿ ತಿಂದರು.

ಆಗಸ್ಟ್ ೧೯, ಭಾನುವಾರ

ಇವತ್ತಿನದು ಬರೆಯಲೋ ಬೇಡವೋ ಎಂದು ಸಂಜೆಯಿಂದ ಒದ್ದಾಡುತ್ತಿದ್ದೇನೆ.

ಗೆರೆ ಎಳೆಯುತ್ತ ಹಳೆಯ ಪ್ರತಿಯ ಕೊನೆಯ ಹಾಳೆ ನೋಡಿದೆ. ಮಿಸ್ಟರ್ ಪು ಅವರ ಹೆಸರು ಕೆಂಪಿನಲ್ಲಿದೆ. ಅದರ ಕೆಳಗೆ ಕಪ್ಪಿನಲ್ಲಿ ಒಂದೇ ಹೆಸರು. ಯುವೆನ್, ಮಗಳು ಎಂದರು. ಪಾಪ, ಯಾವಾಗ ಹೋದಳು ಎಂದು ಕೇಳಿದೆ. ಹೋಗಿಲ್ಲ, ಫೋರ್ಟ್ ಲೀಯಲ್ಲಿದ್ದಾಳೆ ಎಂದರು.

ಹದಿನೇಳು ವರ್ಷದ ಕೆಳಗೆ ಅವಳು ನ್ಯೂಯಾರ್ಕಿನಲ್ಲಿ ಒಬ್ಬ ಚೀನೀಯನನ್ನು ಮದುವೆಯಾದಳು. ಒಳ್ಳೆಯ ಹುಡುಗನೇ. ಆದರೆ ಅವನ ಅಪ್ಪ ಹಿಂದೆ ಸಿಪಾಯಿಯಾಗಿದ್ದವನು. ಮಿಸ್ಟರ್ ಪು ಅವರ ಅಜ್ಜನ ಗೋರಿಯನ್ನು ಮದ್ದಿಟ್ಟು ಒಡೆದು ದೋಚಿದ ತುಕಡಿಯಲ್ಲಿ ಅವನೂ ಇದ್ದ. ಮಣ್ಣಿನಲ್ಲಿ ಚೆಲ್ಲಿದ್ದ ಅಜ್ಜನ ಎಲುಬನ್ನು ಮಿಸ್ಟರ್ ಪು ತಮ್ಮ ಕೈಯಾರೆ ಆರಿಸಿ ಕಟ್ಟಿಕೊಂಡು ಬಂದಿದ್ದರಂತೆ. ಆ ಮನೆಗೆ ಸೊಸೆಯಾಗಿ ಹೋದವಳು ಸತ್ತಂತೆ ಎಂದರು. ಹೇಳಿದ್ದು ಮಾತ್ರವಲ್ಲ, ಬರೆದೂ ಬಿಟ್ಟರು.

ಸರಿಯಾಗಿ ಮಾಡಿದಿರಿ ಎಂದೆ. ಅವರು ನನ್ನ ಮುಖ ನೋಡಿ, ಚಹಾ ಆರಿಹೋಯಿತು ಎಂದರು.

ನಾನು ಮಾಡಿದ್ದೂ ಅದೇ ತಾನೆ. ಅರವತ್ತೊಂಬತ್ತರ ಜೂನಿನಲ್ಲಿ, ಇಲ್ಲೇ ಹತ್ತಿರದ ನ್ಯೂಆರ್ಕ್ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಆ ಡೆನಿಸ್ ಎಂಬ ಕರಿಯ ಹುಡುಗನ ಜೊತೆ ಮಗಳು ಸಿಟಿ ಹಾಲಿಗೆ ಹೋಗಿ ಮದುವೆಗೆ ಸಹಿ ಹಾಕಿ ಬಂದ ದಿನ, ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಅಲಮೇಲುವಿನ ಡಬ್ಬಿಯಿಂದ ಎಳ್ಳು ತೆಗೆದು, ಅವಳ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ಜನ ಬಾಯಿಮಾತಿಗೆ ಹೇಳುತ್ತಾರೆ, ನಾನು ಮಾಡಿಯೇ ತೋರಿಸಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಹೆಸರು ಈ ದಿನಚರಿಯಲ್ಲಿ ಬರಕೂಡದೆಂದು ಅಂದೇ ನಿಶ್ಚಯಿಸಿದ್ದೇನೆ.

ಅಂದಿನಿಂದ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳ್ಳು ಬೀರುವುದಿಲ್ಲ. ಅಲಮೇಲು ಮಾಡುವುದಿಲ್ಲ, ನಾನು ಕೇಳುವುದಿಲ್ಲ.

ಆಗಸ್ಟ್ ೨೦

ನಿನ್ನೆಯ ಹಾಳೆಯನ್ನು ಹರಿದು ಹಾಕೋಣ ಎನ್ನಿಸಿತು. ಹಿಂಬದಿಯಲ್ಲಿ ಡಾಕ್ಟರ ಫೋನ್ ನಂಬರಿದೆ. ಬಿಟ್ಟೆ.

ಸೆಪ್ಟೆಂಬರ್ ೯, ಭಾನುವಾರ

ಎರಡು ವಾರ ಲೈಬ್ರರಿಯಲ್ಲಿ ಹೊಸ ಸೆಮಿಸ್ಟರಿನ ಗಲಾಟೆ, ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ವಂಶಾವಳಿಯ ಕೊನೆಯ ಹಾಳೆ.

ಎಲ್ಲ ಹೆಸರುಗಳೂ ಕಪ್ಪಿನಲ್ಲಿ ಮುಗಿದಿದ್ದವು. ಮಸಿ ತೇದು ತೇದು ನನ್ನ ಬೆರಳೂ ಕಪ್ಪಾಗಿತ್ತು. ಆಮೇಲೆ ಇಂಗಲೀಕ ತೇಯಲು ಹೇಳಿದರು. ಅವರ ಹೆಸರಿಗೆ ಎಷ್ಟು ಬೇಕೋ ಅಷ್ಟು ತೇದೆ. ಸಾಲದು, ಇನ್ನಷ್ಟು ಎಂದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ತಮ್ಮ ಹೆಸರು ಬರೆದರು. ಕುಂಚವನ್ನು ಮತ್ತೆ ಕೆಂಪಿನಲ್ಲಿ ಅದ್ದಿ, ಕೆಳಗೆ ಮಗಳ ಹೆಸರು ಬರೆದರು.

ಯಾಕೋ ರೇಗಿತು. ಒಮ್ಮೆ ಕಪ್ಪಾದದ್ದು ಕೆಂಪಾಗುವ ಪದ್ಧತಿ ನಿಮ್ಮಲ್ಲಿ ಉಂಟೇ ಎಂದು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ.

“ಹಳೆಯ ಪ್ರತಿಯಲ್ಲಿ ಆಗೋದಿಲ್ಲ,” ಎಂದರು. “ಹತ್ತು ವರ್ಷಕ್ಕೊಮ್ಮೆ ಹೊಸ ಪ್ರತಿ ಬರೆಯೋದು ಇನ್ನೇತಕ್ಕೆ, ಮಿಸ್ಟರ್ ಸ್ವಾಮಿ?”

ಮನೆಗೆ ಬಂದು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದೆ. ಉಪ್ಪು ಸರಿಯಾಗಿಯೇ ಇತ್ತು.

ಸೆಪ್ಟೆಂಬರ್ ೧೩, ಗುರುವಾರ

ಕೆಲಸ ಮುಗಿಸಿ ಮಿಸ್ಟರ್ ಪು ಅವರ ಕೋಣೆಗೆ ಹೋದೆ. ತುಟಿ ನೀಲಿಯಾಗಿತ್ತು. ಆ ಕೊನೆಯ ಹಾಳೆಯನ್ನು ಹಳದಿ ರೇಷ್ಮೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಫೋರ್ಟ್ ಲೀಗೆ ಹೋಗಿ ಮಗಳಿಗೆ ಕೊಡಬೇಕೆಂದು ಕೇಳಿಕೊಂಡರು. ಅಂಚೆಯಲ್ಲಿ ಕಳಿಸಿದರೆ ಅವರ ಕೈಬರಹ ನೋಡಿಯೇ ವಾಪಸು ಮಾಡುತ್ತಾಳಂತೆ, ಹಿಂದೆ ಎರಡು ಸಲ ಹಾಗಾಗಿದೆ. ಅಪರಿಚಿತ ಹಿರಿಯ ಬಾಗಿಲಿಗೆ ಬಂದರೆ ತೆರೆಯದೆ ಇರುವವಳಲ್ಲ.

“ಒಂದು ಭಾನುವಾರ ಬಂದು ಕೂತುಕೊಂಡು ಹೋಗಲಿ. ನನ್ನ ಹತ್ತಿರ ಮಾತಾಡಬೇಕು ಅಂತಿಲ್ಲ.”

ಆಗಲಿ ಎಂದೆ. ಆಮೇಲೆ ತಿಥಿ ನೆನಪಾಯಿತು. ಇವತ್ತು ಭಾದ್ರಪದ ಬಹುಳ ಪಾಡ್ಯ, ಪಿತೃಪಕ್ಷ ಶುರು. ಸತ್ತವರ ಹದಿನೈದು ದಿನ. ಹೆಣ್ಣು ನೋಡುವುದಿಲ್ಲ, ಮನೆ ಬದಲಿಸುವುದಿಲ್ಲ, ಹೊಸ ಬಟ್ಟೆ ಕೂಡ ಉಡುವುದಿಲ್ಲ. ಮುರಿದ ಸಂಬಂಧ ಕೂಡಿಸುವ ಕೆಲಸಕ್ಕೆ ಈ ಪಕ್ಷದಲ್ಲಿ ಹೊರಟರೆ ಕೂಡುವುದಿರಲಿ, ಇದ್ದ ಎಳೆಯೂ ಕಡಿದೀತು. ಇದನ್ನೆಲ್ಲ ಅವರಿಗೆ ವಿವರಿಸಿದೆ. ಅಮಾವಾಸ್ಯೆ ಕಳೆದು ಮಾರನೆಯ ದಿನ ನವರಾತ್ರಿ, ಅಂದು ಬೆಳಿಗ್ಗೆಯೇ ಹೋಗುತ್ತೇನೆ ಎಂದೆ.

ಅವರಲ್ಲೂ ಪಂಚಾಂಗ ನೋಡದೆ ಬಾಗಿಲ ಕೀಲೂ ಬದಲಿಸುತ್ತಿರಲಿಲ್ಲವಂತೆ. ಹಾಗಾಗಿ ಒಪ್ಪಿದರು. ಎಷ್ಟು ದಿನ ಎಂದು ಕೇಳಿದರು. ಹದಿನಾಲ್ಕು ಎಂದೆ. ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮತ್ತೆ ಬಿಚ್ಚಿ, ಇನ್ನು ನಾಲ್ಕು ಮಡಿಸಿ ನೋಡಿಕೊಂಡರು.

“ಹದಿನೇಳು ವರ್ಷದ ಮುಂದೆ ಇದೇನು ಮಹಾ,” ಎಂದರು.

ಹಾಳೆಯನ್ನು ದೇವರ ಕೋಣೆಯಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದೇನೆ.

ಸೆಪ್ಟೆಂಬರ್ ೧೬, ಭಾನುವಾರ

ಅಲಮೇಲುವಿಗೆ ಹಾಳೆಯ ವಿಷಯ ಗೊತ್ತಾಯಿತು. ಇವತ್ತೇ ಯಾಕೆ ಹೋಗಬಾರದು, ಟರ್ನ್‌ಪೈಕಿನಲ್ಲಿ ಒಂದು ಗಂಟೆಯ ದಾರಿ ಎಂದಳು. ಪಕ್ಷ ಎಂದೆ. ಪಕ್ಷದಲ್ಲಿ ಆಫೀಸಿಗೆ ಹೋಗುತ್ತೀರಿ, ಹುಲ್ಲು ಕತ್ತರಿಸುತ್ತೀರಿ, ಕಾರಿನ ಟೈರು ಬದಲಿಸಿದಿರಿ ಎಂದು ಪಟ್ಟಿ ಕೊಟ್ಟಳು. ಶಾಸ್ತ್ರ ತಿಳಿಯದೆ ಮಾತಾಡಬೇಡ ಎಂದೆ.

“ಪಕ್ಷವೂ ಅಲ್ಲ, ಪಾಡ್ಯವೂ ಅಲ್ಲ. ಆ ಮುದುಕರು ಸೋತುಬಿಟ್ರು, ನೀವೂ ಸೋಲ್ಬೇಕಾಗತ್ತೆ ಅಂತ ಭಯ ನಿಮಗೆ.”

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಆಡುವ ಮಾತೇ ಇದು? ಗ್ಯಾರೇಜಿಗೆ ಹೋಗಿ ಕೂತೆ.

ಸೆಪ್ಟೆಂಬರ್ ೨೦, ಗುರುವಾರ

ಜ್ವರವೆಂದು ಲೈಬ್ರರಿಯಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಅಲಮೇಲು ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನನ್ನು ಕಂಡು ಇಟ್ಟುಬಿಟ್ಟಳು. ಯಾರೆಂದು ನಾನು ಕೇಳಲಿಲ್ಲ. ಪ್ರತಿ ಗುರುವಾರ ನಾನಿಲ್ಲದ ಹೊತ್ತಿನಲ್ಲಿ ಯಾರ ಜೊತೆ ಮಾತಾಡುತ್ತಾಳೆಂದು ನನಗೆ ಗೊತ್ತಿಲ್ಲವೆ? ಮಗಳಿಗೆ ಮಗು ಹುಟ್ಟಿದ್ದೂ ಹಾಗೆಯೇ ಗೊತ್ತಾದದ್ದು. ಅಷ್ಟಕ್ಕೇ ಕಿವಿ ಮುಚ್ಚಿಕೊಂಡೆ.

ಸಂಜೆ ಮಿಸ್ಟರ್ ಪು ಅವರಿಗೆ ಫೋನ್ ಮಾಡಿದೆ. ಇನ್ನು ಏಳು ಎಂದರು. ಅಷ್ಟು ಹೇಳಿ ಫೋನ್ ಇಟ್ಟರು.

ಸೆಪ್ಟೆಂಬರ್ ೨೩, ಭಾನುವಾರ

ಜ್ವರ ಬಿಟ್ಟಿದೆ. ಮಧ್ಯಾಹ್ನ ಕಾರಿನ ಕೀಲಿಕೈ ಎತ್ತಿಕೊಂಡೆ, ಮತ್ತೆ ಇಟ್ಟೆ. ಇನ್ನು ನಾಲ್ಕೇ ದಿನ. ಇಷ್ಟು ಕಾದು ಈಗ ಕೆಡಿಸುವುದೇಕೆ?

ಸೆಪ್ಟೆಂಬರ್ ೨೪

ಮಿಸ್ಟರ್ ಪು ಹೋದರು.

ಬೆಳಿಗ್ಗೆ ಹತ್ತಕ್ಕೆ ಮನೆಯೊಡತಿ ಲೈಬ್ರರಿಗೆ ಫೋನ್ ಮಾಡಿದಳು. ಕಾಫಿ ಕೊಡಲು ಹೋದಾಗ ಕುರ್ಚಿಯಲ್ಲೇ ಇದ್ದರಂತೆ. ಶೂ ಹಾಕಿಕೊಂಡಿದ್ದರಂತೆ. ನಿನ್ನೆ ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೂ ಹಾಗೆಯೇ ಶೂ ಹಾಕಿ ಕೂತಿದ್ದರು, ಹಿಂದಿನ ಭಾನುವಾರವೂ, ಯಾರಾದರೂ ಬರುವವರಿದ್ದರೇ ಎಂದು ನನ್ನನ್ನು ಕೇಳಿದಳು.

ಪಕ್ಷ ಮುಗಿಯಲಿ ಎಂದು ಒಪ್ಪಿಕೊಂಡವರು ಕಾಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಸೆಪ್ಟೆಂಬರ್ ೨೫, ಮಂಗಳವಾರ

ರಜೆ ಹಾಕಿ ಫೋರ್ಟ್ ಲೀಗೆ ಹೋದೆ. ಸೇತುವೆಯ ಪಕ್ಕದ ಎತ್ತರದ ಕಟ್ಟಡ, ಹದಿನಾಲ್ಕನೇ ಮಹಡಿ. ಬಾಗಿಲಿಗೆ ಸರಪಳಿ ಹಾಕಿಕೊಂಡೇ ತೆರೆದಳು. ನಲವತ್ತು ದಾಟಿದ ಹೆಂಗಸು, ಆಸ್ಪತ್ರೆಯ ಲ್ಯಾಬಿನ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಹಣೆ ಅಪ್ಪನದೇ. ವಿಷಯ ಹೇಳಿದೆ. ಸರಪಳಿ ತೆಗೆದಳು.

ಅಡುಗೆಮನೆಯ ಮೇಜಿನ ಮೇಲೆ ರೇಷ್ಮೆ ಬಿಚ್ಚಿ ಹಾಳೆ ನೋಡಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು, ಒಣಗಿದೆಯೇ ಎಂದು ನೋಡುವವಳ ಹಾಗೆ ಒರಸಿದಳು. ಇದನ್ನು ಯಾವಾಗ ಕೊಟ್ಟರು ಎಂದು ಕೇಳಿದಳು. ಹದಿಮೂರನೇ ತಾರೀಕು ಎಂದೆ. ಹನ್ನೆರಡು ದಿನ ಎಲ್ಲಿತ್ತು ಎಂದಳು.

ಸುಳ್ಳು ಹೇಳಬಹುದಿತ್ತು. ಜ್ವರ ಬಂದದ್ದು ನಿಜವೇ. ಹೇಳಲಾಗಲಿಲ್ಲ. ಪಿತೃಪಕ್ಷ, ಸತ್ತವರ ದಿನಗಳು, ಶುಭಕಾರ್ಯ ಕೂಡದು ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ನಾನು ಹೇಳುತ್ತಿದ್ದದ್ದು ನನಗೇ ಮೂರ್ಖತನವಾಗಿ ಕೇಳಿಸಿತು.

“ನಿಮ್ಮ ಸತ್ತವರಿಗೋಸ್ಕರ ಬದುಕಿದ್ದ ನನ್ನ ಅಪ್ಪನ್ನ ಕಾಯಿಸಿದ್ರಾ?” ಎಂದಳು. ರೇಷ್ಮೆಯನ್ನು ಮಡಿಸುತ್ತಾ, “ದಿನಾ ಮೂರು ಗಂಟೆಗೆ ನನ್ನ ಶಿಫ್ಟ್ ಮುಗಿಯುತ್ತೆ. ದಿನಾ ಮನೇಲೇ ಇದ್ದೆ.”

ಬಂದಿರುತ್ತಿದ್ದಿರಾ ಎಂದು ಕೇಳಬೇಕೆನಿಸಿತು. ಕೇಳುವ ಮುಖ ನನಗೆಲ್ಲಿದೆ?

ಅಪ್ಪನ ಹೆಸರು ಇನ್ನೂ ಕೆಂಪಾಗಿಯೇ ಇದೆ ಎಂದು ತೋರಿಸಿದಳು. ಅದನ್ನು ಕಪ್ಪು ಮಾಡಬೇಕಾದವಳು ಈಗ ಅವಳೊಬ್ಬಳೇ. ಗಂಡ ಎರಡು ವರ್ಷದ ಹಿಂದೆ ಹೋಗಿದ್ದಾನೆ, ಮಕ್ಕಳಿಲ್ಲ. ಎಲ್ಲಿಂದಲೋ ಒಂದು ಕುಂಚ, ಒಂದು ಮಸಿಯ ಕಡ್ಡಿ ಹುಡುಕಿ ತಂದಳು. ಸಾಸರಿನಲ್ಲಿ ನಾನು ತೇದುಕೊಟ್ಟೆ. ಕೆಂಪಿನ ಮೇಲೆ ಕಪ್ಪನ್ನು ಗೆರೆ ತಪ್ಪದಂತೆ ತಿದ್ದಿದಳು. ಚಿಕ್ಕಂದಿನಲ್ಲಿ ಅಪ್ಪನೇ ಕೈ ಹಿಡಿದು ಬರೆಸಿದ್ದಂತೆ. ತಿದ್ದಿ ಮುಗಿಸಿ ಕುಂಚ ತೊಳೆದು, ಒಣಗಲು ಇಟ್ಟು, ಆಮೇಲೆ ಅತ್ತಳು.

ಹೊರಡುವಾಗ ಕ್ಷಮಿಸಿ ಎಂದೆ. ಸಾಸರನ್ನು ತೊಳೆಯಲು ಎತ್ತಿಕೊಂಡಳು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮಣ್ಣು ಎಂಬ ಚೀಟಿಯನ್ನು ಮೇಜಿನ ಮೇಲಿಟ್ಟು ಬಂದೆ.

ಸೆಪ್ಟೆಂಬರ್ ೨೬, ಬುಧವಾರ. ಮಹಾಲಯ ಅಮಾವಾಸ್ಯೆ

ಇವತ್ತೂ ರಜೆ. ಸ್ನಾನ ಮಾಡಿ ತರ್ಪಣಕ್ಕೆ ಕೂತೆ. ಅಲಮೇಲು ಎಳ್ಳಿನ ಡಬ್ಬಿಯನ್ನು ತಂದು ಸ್ವಲ್ಪ ಜೋರಾಗಿಯೇ ಇಟ್ಟು ಹೋದಳು. ಅಪ್ಪ, ಅಜ್ಜ, ಮುತ್ತಜ್ಜ ಆದಮೇಲೆ ಸ್ನೇಹಿತರಿಗೂ ಬಿಡಬಹುದು. ಪುಶಾನ್ ಎಂದೆ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂದು ಹೇಳುವ ರೂಢಿ. ಹಾಗೆಯೇ ಹೇಳಿ ಎಳ್ಳುನೀರು ಬಿಟ್ಟೆ. ಆ ಮಹಾನುಭಾವ ಕೊನೆಗೆ ನನ್ನ ಪಟ್ಟಿಯಲ್ಲಿ ಸೇರಿಕೊಂಡರು.

ಅಂಗೈಯಲ್ಲಿ ಎಳ್ಳು ಉಳಿದಿತ್ತು. ಇದೇ ಕೈ, ಇದೇ ಡಬ್ಬಿ. ಅವಳು ಬಾಗಿಲಲ್ಲಿ ನಿಂತು ನೋಡಿದಳಲ್ಲ, ನಾನು ಹೆಸರು ಹೇಳಿದಾಗ, ಅಪ್ಪನನ್ನು ಅಣ್ಣ ಎಂದೇ ಕರೆದು ಬೆಳೆದವಳು, “ಏನಣ್ಣ?” ಎಂದು ಓಗೊಟ್ಟಿದ್ದಳು. ಕರೆದೆನೆಂದುಕೊಂಡಿದ್ದಳು ಮಂಜರಿ. ನಾಲ್ಕು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಬರೆದಿರಲಿಲ್ಲ. ಅಷ್ಟು ಕೆಟ್ಟ ಕೆಲಸ ನಾನು ಜನ್ಮದಲ್ಲಿ ಮತ್ತೊಂದು ಮಾಡಿಲ್ಲ.

ಎದ್ದು ಅಡುಗೆಮನೆಗೆ ಹೋಗಿ ನಂಬರು ಹೇಳು ಎಂದೆ. ಅಲಮೇಲು ಯಾವ ನಂಬರು ಎಂದು ಕೇಳಲಿಲ್ಲ. ತಾನೇ ತಿರುಗಿಸಿ ಫೋನನ್ನು ನನ್ನ ಕೈಗೆ ಕೊಟ್ಟಳು. ಹನ್ನೆರಡೂಕಾಲು. ಬುಧವಾರ ಆ ಹೊತ್ತು ರಾಹುಕಾಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

ಎತ್ತಿದ್ದು ಒಂದು ಮಗು. ಹೂ ಈಸ್ ದಿಸ್ ಎಂದಿತು. ಏನೆಂದು ಹೇಳಲಿ? ಕೃಷ್ಣಸ್ವಾಮಿ ಎಂದೆ. ಫೋನು ಎಲ್ಲೋ ಬಡಿದ ಸದ್ದಾಯಿತು, ಮಮ್ಮೀ, ಯಾರೋ ಇಂಡಿಯನ್ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೂಗಿತು. ದನಿಯಿಂದ ಗಂಡೋ ಹೆಣ್ಣೋ ತಿಳಿಯಲಿಲ್ಲ. ಮೂರು ವರ್ಷದಲ್ಲಿ ನಾನು ಅದನ್ನೂ ಕೇಳಿರಲಿಲ್ಲ.

ಅವಳು ಬಂದು ಹಲೋ ಎಂದಳು. “ಮಂಜರಿ, ನಾನು,” ಎಂದೆ.

ಅವಳ ಉಸಿರು ಕೇಳಿಸುತ್ತಿತ್ತು. ಗುರುವಾರವಲ್ಲ. ಅಮ್ಮನ ದನಿಯಲ್ಲ.

“ಅಣ್ಣ, ಅಮ್ಮ ಹೋಗ್ಬಿಟ್ಲಾ?”

ಇಲ್ಲ ಎನ್ನಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಆ ಕಡೆ ಅವಳು ಅಳತೊಡಗಿದಳು. ನಾನು ಫೋನ್ ಮಾಡಬೇಕಾದರೆ ಮನೆಯಲ್ಲಿ ಒಂದು ಸಾವಾಗಿರಬೇಕು ಎಂದು ನನ್ನ ಮಗಳಿಗೆ ಗೊತ್ತಿತ್ತು.

ಅಲಮೇಲು ಫೋನು ಕಸಿದುಕೊಂಡು, “ಇದ್ದೀನಿ ಕಣೇ, ಇಲ್ಲೇ ಇದ್ದೀನಿ. ನಿನ್ನ ಹತ್ರ ಮಾತಾಡಕ್ಕೇ ಮಾಡಿದ್ದು ಅಣ್ಣ,” ಎಂದಳು. ಆಮೇಲೆ ಬಹಳ ಹೊತ್ತು ಬರೀ ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಕೊನೆಗೆ ಅಲಮೇಲುವೇ ಫೋನು ಇಟ್ಟುಬಿಟ್ಟಳು.

ಇವತ್ತು ಮಾತಾಡುವ ಶಕ್ತಿ ಮಂಜರಿಗಿಲ್ಲವಂತೆ. ಭಾನುವಾರ ತಾನೇ ಮಾಡುತ್ತಾಳಂತೆ. ಮಾಡಿದರೂ ಮಾಡಬಹುದು, ಕಾದು ನೋಡಿ ಎಂದಳು ಅಲಮೇಲು. ಮಗು ಗಂಡೋ ಹೆಣ್ಣೋ ಎಂದು ಕೇಳಿದೆ. ಹೆಣ್ಣು, ಹೆಸರು ಬೇಕಾದರೆ ಅವಳನ್ನೇ ಕೇಳಿ ಎಂದಳು.

ನಾಳೆ ನವರಾತ್ರಿ, ಒಳ್ಳೆಯ ದಿನ. ಶುಕ್ರವಾರದ ಮಣ್ಣಿಗಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಎಂದು ಬೆರಳು ಮಡಿಸಿ ನೋಡಿಕೊಂಡೆ.